ಪಾಪದ ಪಾಲು: ಕಾರ್ಮೆಲಾ ಸೊಪ್ರಾನೊ ಪಾತ್ರವಿಚಾರ

ವಾಲ್ಮೀಕಿಯ ಪೂರ್ವಾಶ್ರಮವನ್ನು ಕುರಿತು ಜನಜನಿತವಾದ ಕಥೆಯೊಂದುಂಟು. ದಾರಿಹೋಕರನ್ನು ಸುಲಿದು ಹೆಂಡಿರುಮಕ್ಕಳನ್ನು ಸಾಕುತ್ತಿದ್ದ ಬೇಡನನ್ನು ಋಷಿಗಳು ತಡೆದು, ಈ ಪಾಪದಲ್ಲಿ ನಿನ್ನವರು ಪಾಲುಗೊಳ್ಳುವರೋ ಇಲ್ಲವೋ ಕೇಳಿಕೊಂಡು ಬಾ ಎಂದು ಕಳುಹಿಸಿದರು. ಅವನು ಮನೆಗೆ ಹೋಗಿ ಕೇಳಿದನು. ತಂದುದನ್ನು ಉಣ್ಣುವುದಷ್ಟೇ ತಮ್ಮ ಪಾಲು, ಪಾಪವೆಲ್ಲ ಅವನದೇ ಎಂದು ಮನೆಯವರು ಹೇಳಿದರು. ಆ ಮಾತಿನಿಂದ ಬೇಡನ ಕಣ್ಣು ತೆರೆಯಿತು; ಅವನು ಋಷಿಯಾದನು. ಆದರೆ ಆ ಮಾತನ್ನು ಆಡಿದ ಹೆಂಡತಿ ಮುಂದೇನಾದಳು? ಅವಳ ಉತ್ತರ ಧರ್ಮಸಮ್ಮತವಾಗಿತ್ತೆ? ಕಥೆ ಬೇಡನನ್ನು ಹಿಂಬಾಲಿಸಿ ಹುತ್ತದವರೆಗೆ ಹೋಗುವುದೇ ಹೊರತು ಮನೆಯ ಕಡೆಗೆ ತಿರುಗಿ ನೋಡುವುದಿಲ್ಲ.

ಹಾಗೆ ತಿರುಗಿ ನೋಡಿದ ಕೃತಿಯೊಂದು ಅಮೆರಿಕದಲ್ಲಿ ಹುಟ್ಟಿತು. ಅಲ್ಲಿಯ ಎಚ್.ಬಿ.ಓ. ಸಂಸ್ಥೆಯು 1999ನೆಯ ಜನವರಿ 10ರಿಂದ 2007ನೆಯ ಜೂನ್ 10ರವರೆಗೆ ಆರು ಭಾಗಗಳಲ್ಲಿ, 86 ಕಂತುಗಳಾಗಿ ಪ್ರಸಾರಮಾಡಿದ 'ದಿ ಸೊಪ್ರಾನೋಸ್' ಎಂಬ ದೂರದರ್ಶನ ನಾಟಕವೇ ಅದು. ಇದರ ಕರ್ತೃ ಡೇವಿಡ್ ಚೇಸ್. ನ್ಯೂಜೆರ್ಸಿ ಸಂಸ್ಥಾನದಲ್ಲಿ ನೆಲಸಿದ ಇಟಲಿ ಮೂಲದ ಪಾತಕಿಗಳ ಒಂದು ಕೂಟ. ಅದರ ನಾಯಕ ಟೋನಿ ಸೊಪ್ರಾನೊ. ದಿಗಿಲು ಮುಟ್ಟಿ ಮೂರ್ಛೆಹೋಗುವ ಈತನು ಮೆಲ್ಫಿ ಎಂಬ ಮನೋವೈದ್ಯೆಯ ಮುಂದೆ ತನ್ನ ಅಂತರಂಗವನ್ನು ತೋಡಿಕೊಳ್ಳುವುದು: ಇಷ್ಟು ಕಥೆಯ ಚೌಕಟ್ಟು. ಟೋನಿಯ ಪಾತ್ರವನ್ನೂ ಅದನ್ನು ಧರಿಸಿದ ಜೇಮ್ಸ್ ಗ್ಯಾಂಡಲ್ಫೀನಿಯ ಅಭಿನಯವನ್ನೂ ಕುರಿತು ವಿಮರ್ಶಕರು ಬಹಳ ಬರೆದಿದ್ದಾರೆ. ಆದರೆ ನಾಟಕದ ಧರ್ಮಸೂಕ್ಷ್ಮವಿರುವುದು ಅವನಲ್ಲಿ ಎನ್ನುವುದಕ್ಕಿಂತ ಅವನ ಕೈಹಿಡಿದ ಕಾರ್ಮೆಲಾಳಲ್ಲಿ ಎಂದರೆ ಹೆಚ್ಚು ಸರಿಯಾದೀತು. ಟೋನಿಗೆ ತಾನು ಯಾರೆಂಬುದು ಗೊತ್ತು. ಕಾರ್ಮೆಲಾಳಿಗೆ ತಾನು ಯಾರೆಂಬುದನ್ನು ದಿನದಿನವೂ ಮರೆಯಬೇಕಾಗಿದೆ.

ಆಕೆ ಮೋಸಹೋಗಿ ಆ ಮನೆಯನ್ನು ಸೇರಿದವಳಲ್ಲ. ಗಂಡನ ಕಸುಬು ಎಂಥದೆಂಬುದು ಅವಳಿಗೆ ತಿಳಿದ ವಿಷಯ. ಅವಳು ದೈವಭಕ್ತೆ, ಅಡಿಗೆಯಲ್ಲಿ ನಿಪುಣೆ, ಮಕ್ಕಳ ವಿದ್ಯಾಭ್ಯಾಸದಲ್ಲಿ ಎಚ್ಚರವುಳ್ಳವಳು. ಸದ್ಗೃಹಿಣಿಯ ಲಕ್ಷಣಗಳೆಲ್ಲ ಅವಳಲ್ಲಿವೆ. ಇವುಗಳನ್ನು ನಾಟಕಕಾರನು ಹಾಸ್ಯಕ್ಕೆ ಗುರಿಮಾಡಲಿಲ್ಲ, ಸುಳ್ಳೆಂದೂ ತೋರಿಸಲಿಲ್ಲ. ಗುಣಗಳು ನಿಜವಾಗಿದ್ದೂ ಅವು ನಿಂತಿರುವ ನೆಲ ಕೆಟ್ಟದ್ದಾದರೆ ಏನಾಗುವುದೆಂಬುದೇ ಅವನ ಪರೀಕ್ಷೆಯ ವಿಷಯ.

1999ನೆಯ ಇಸವಿಯ ಐದನೆಯ ಕಂತಿನಲ್ಲಿ ಟೋನಿಯು ಮಗಳು ಮೆಡೋಳನ್ನು ಕಾಲೇಜುಗಳನ್ನು ತೋರಿಸಲೆಂದು ದೂರದ ಮೇನ್ ಸಂಸ್ಥಾನಕ್ಕೆ ಕರೆದೊಯ್ದಿದ್ದಾನೆ. ಅಲ್ಲಿ, ತನ್ನ ಕೂಟಕ್ಕೆ ಹಿಂದೆ ದ್ರೋಹಮಾಡಿದ್ದವನೊಬ್ಬನನ್ನು ಕಂಡು ತನ್ನ ಕೈಯಿಂದಲೇ ಕೊಲ್ಲುತ್ತಾನೆ. ಇತ್ತ ಮನೆಯಲ್ಲಿ, ಮಳೆಯ ರಾತ್ರಿ, ಕಾರ್ಮೆಲಾ ಪಾದ್ರಿಯ ಮುಂದೆ ಅಳುತ್ತ ಪಾಪನಿವೇದನೆ ಮಾಡಿಕೊಳ್ಳುತ್ತಾಳೆ. ಕೆಡಕನ್ನು ತಾನೇ ಮನೆಯೊಳಕ್ಕೆ ಬಿಟ್ಟುಕೊಂಡೆ, ಸುಖಕ್ಕಾಗಿ, ಮಕ್ಕಳಿಗಾಗಿ ಅದನ್ನು ಸಹಿಸಿದೆ ಎಂಬುದು ಅವಳ ನಿವೇದನೆಯ ಸಾರ. ಮೊದಲ ಭಾಗದಲ್ಲಿಯೇ ಇಷ್ಟು ನಿಚ್ಚಳವಾದ ಅರಿವು ಅವಳಿಗೆ ಉಂಟಾದ ಮೇಲೆ ಮುಂದಿನ ಎಂಟು ವರ್ಷಗಳ ಕಥೆ ಅಜ್ಞಾನದ ಕಥೆಯಾಗಲಾರದು. ಅರಿತವಳು ಅರಿವನ್ನು ಹೇಗೆ ಪಳಗಿಸಿಕೊಂಡಳೆಂಬುದರ ಕಥೆಯಾಗಿ ಅದು ಬೆಳೆಯುತ್ತದೆ.

ಆ ಪಳಗಿಸುವಿಕೆಯ ಒಂದು ನಿದರ್ಶನ 2000ದಲ್ಲಿ ಬರುವ ಪ್ರಸಂಗ. ಮೆಡೋಳನ್ನು ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯಕ್ಕೆ ಸೇರಿಸಲು ಒಬ್ಬ ವಕೀಲೆಯ ಶಿಫಾರಸು ಪತ್ರ ಬೇಕು. ಕಾರ್ಮೆಲಾ ತಾನೇ ಮಾಡಿದ ಸಿಹಿಭಕ್ಷ್ಯವನ್ನು ಹಿಡಿದು ಆಕೆಯ ಕಚೇರಿಗೆ ಹೋಗುತ್ತಾಳೆ. ಗದರಿಕೆಯ ಒಂದು ಮಾತೂ ಇಲ್ಲ, ಮುಖದಲ್ಲಿ ನಗೆ. ಆದರೂ ಆಕೆ ಯಾರ ಹೆಂಡತಿಯೆಂಬುದನ್ನು ನೆನೆದು ವಕೀಲೆಯ ಮುಖ ಬಿಳುಪೇರುತ್ತದೆ, ಪತ್ರ ಸಿದ್ಧವಾಗುತ್ತದೆ. ಗಂಡನು ಪಿಸ್ತೂಲಿನಿಂದ ಮಾಡುವ ಕೆಲಸವನ್ನು ಹೆಂಡತಿ ತಿಂಡಿಯ ತಟ್ಟೆಯಿಂದ ಮಾಡಿದಳು. ಇಲ್ಲಿ ಪಾಪದ ಪಾಲು ಅವಳಿಗೆ ಹೊರಗಿನಿಂದ ಬಂದು ತಗುಲಿದುದಲ್ಲ. ಅವಳೇ ಕೈಚಾಚಿ ತೆಗೆದುಕೊಂಡುದು.

ನಾಟಕದ ನಡುಗಂಬವೆನ್ನಬಹುದಾದ ದೃಶ್ಯವು 2001ರ ಭಾಗದಲ್ಲಿದೆ. ದಾಂಪತ್ಯದ ಕ್ಲೇಶವನ್ನು ಹೇಳಿಕೊಳ್ಳಲು ಕಾರ್ಮೆಲಾ ಕ್ರಾಕವರ್ ಎಂಬ ವೃದ್ಧ ವೈದ್ಯನ ಬಳಿಗೆ ಹೋಗುತ್ತಾಳೆ. ಅವನು ಸಾಂತ್ವನ ಹೇಳುವವನಲ್ಲ. ಮಕ್ಕಳನ್ನು ಮಾತ್ರ ಕರೆದುಕೊಂಡು ಆ ಮನೆಯಿಂದ ಹೊರಡು, ರಕ್ತ ಹತ್ತಿದ ಹಣವನ್ನು ನಾನೂ ಮುಟ್ಟೆನು, ನೀನೂ ಮುಟ್ಟಬಾರದು ಎಂಬ ಅಭಿಪ್ರಾಯ ಬರುವಂತೆ ನುಡಿದು, ತನ್ನ ಸಂಭಾವನೆಯನ್ನು ಸಹ ಬೇಡವೆನ್ನುತ್ತಾನೆ. ತನಗೆ ಯಾರೂ ಹೇಳಲಿಲ್ಲವೆಂದು ಇನ್ನು ಅವಳು ಎಂದೆಂದಿಗೂ ಹೇಳಲಾರಳು. ಬೇಡನ ಕಥೆಯಲ್ಲಿ ಋಷಿಗಳು ಗಂಡನಿಗೆ ಕೇಳಿದ ಪ್ರಶ್ನೆಯನ್ನು ಇಲ್ಲಿ ವೈದ್ಯನು ಹೆಂಡತಿಗೇ ಕೇಳಿದ್ದಾನೆ. ಅವಳ ಉತ್ತರ ಮಾತಿನಲ್ಲಿ ಬರುವುದಿಲ್ಲ. ಅದೇ ಕಂತಿನ ಕೊನೆಯಲ್ಲಿ ಅವಳು ಮಗಳ ಕಾಲೇಜಿಗೆ 50,000 ಡಾಲರು ದಾನ ಕೊಡಲೇಬೇಕೆಂದು ಗಂಡನನ್ನು ಹಟಹಿಡಿದು ಒಪ್ಪಿಸುತ್ತಾಳೆ. ರಕ್ತದ ಹಣ ವಿದ್ಯಾದಾನವಾಗಿ ಮಾರ್ಪಟ್ಟಿತು. ಮನಸ್ಸಿಗೆ ಒಂದಿಷ್ಟು ನೆಮ್ಮದಿ ದೊರೆಯಿತು. ಮನೆ ಮಾತ್ರ ಹಾಗೆಯೇ ನಿಂತಿತು.

ಇಲ್ಲಿಗೆ ನಿಲ್ಲಿಸಿ ಅವಳನ್ನು ಖಂಡಿಸುವುದು ಸುಲಭ, ನ್ಯಾಯವಲ್ಲ. ಅವಳು ಹೊರಡಲು ಯತ್ನಿಸಿದಳೆಂಬುದನ್ನೂ ನಾಟಕ ತೋರಿಸುತ್ತದೆ. 2002ರ ಕೊನೆಯ ಕಂತಿನಲ್ಲಿ ಗಂಡನ ಪರಸ್ತ್ರೀಸಂಗ ಮನೆಯ ಬಾಗಿಲಿಗೇ ಬಂದಾಗ ಅವಳು ಅವನನ್ನು ಹೊರಹಾಕುತ್ತಾಳೆ. ಆ ಜಗಳದ ದೃಶ್ಯಗಳು ದೂರದರ್ಶನ ನಾಟಕದ ಇತಿಹಾಸದಲ್ಲಿಯೇ ಎಣಿಸಬೇಕಾದವು; ಕೂಗಾಟದ ನಡುವೆ ಹಲವು ವರ್ಷಗಳ ನಂಟು ಹರಿಯುವ ಸದ್ದು ಕೇಳಿಸುತ್ತದೆ. ಬಳಿಕ ಅವಳು ವಿವಾಹವಿಚ್ಛೇದನಕ್ಕಾಗಿ ವಕೀಲರನ್ನು ಹುಡುಕಿದರೆ, ಹೆಸರಾಂತ ವಕೀಲರನ್ನೆಲ್ಲ ಟೋನಿಯು ಮೊದಲೇ ಕಂಡು ಸಲಹೆ ಕೇಳಿರುವುದರಿಂದ ಅವರಾರೂ ಅವಳ ಪರವಾಗಿ ನಿಲ್ಲುವಂತಿಲ್ಲ. ಹೊಸ್ತಿಲನ್ನು ದಾಟಬೇಕೆಂಬ ಮನಸ್ಸು ಬಂದಾಗ ದಾರಿ ಮುಚ್ಚಿತ್ತು. ಇದಕ್ಕೂ ಮುಂಚೆ ಅವಳ ಮನಸ್ಸು ಒಲಿದದ್ದು ಫ್ಯೂರಿಯೊ ಎಂಬವನಿಗೆ; ಅವನೂ ಟೋನಿಯ ಕೈಕೆಳಗಿನ ಹೊಡೆದಾಟದ ಆಳೇ. ಬಿಡುಗಡೆಯ ಕನಸಿನಲ್ಲಿಯೂ ಆ ಮನೆಯ ಹೊರಗಿನ ಮುಖವೊಂದು ಅವಳಿಗೆ ಕಾಣಲಿಲ್ಲವೆಂಬುದು ಕರುಣಾಜನಕವಾಗಿದೆ.

ಆದರೆ ಅವಳು ಹಿಂದಿರುಗಿದ ಬಗೆಯಲ್ಲಿ ಕರುಣೆಗಿಂತ ಘೋರವಾದುದು ಒಂದಿದೆ. ಇಲ್ಲಿಯೇ ನಾಟಕಕಾರನ ಧೀಶಕ್ತಿ ತನ್ನ ಶಿಖರವನ್ನು ಮುಟ್ಟಿದೆ. ಟೋನಿಗೆ ಬಂಧುವೂ ಶಿಷ್ಯನೂ ಆದ ಕ್ರಿಸ್ಟಫರನಿಗೆ ಏಡ್ರಿಯಾನಾ ಎಂಬ ತರುಣಿಯೊಡನೆ ವಿವಾಹ ನಿಶ್ಚಯವಾಗಿದೆ. ಆ ಮನೆಯನ್ನು ಸೇರಲು ಹಂಬಲಿಸುವ ಎರಡನೆಯ ಹೆಣ್ಣು ಈಕೆ. ಎಫ್.ಬಿ.ಐ. ಎಂಬ ಕೇಂದ್ರ ತನಿಖಾ ಸಂಸ್ಥೆಯವರು ಅವಳನ್ನು ಹಿಡಿದು ಬೆದರಿಸಿ ಗುಟ್ಟು ತಿಳಿಸುವಂತೆ ಮಾಡಿದ್ದಾರೆ. 2004ನೆಯ ಮೇ 23ರಂದು ಪ್ರಸಾರವಾದ ಕಂತಿನಲ್ಲಿ ಅವಳು ಕ್ರಿಸ್ಟಫರನಿಗೆ ಎಲ್ಲವನ್ನೂ ಹೇಳಿ, ಇಬ್ಬರೂ ಓಡಿಹೋಗೋಣವೆಂದು ಬೇಡುತ್ತಾಳೆ. ಅವನು ಅವಳನ್ನು ಟೋನಿಗೆ ಒಪ್ಪಿಸುತ್ತಾನೆ. ಟೋನಿಯ ಬಂಟನೊಬ್ಬನು ಅವಳನ್ನು ಕಾಡಿಗೆ ಒಯ್ದು ಗುಂಡಿಕ್ಕುತ್ತಾನೆ. ತರಗೆಲೆಗಳ ಮೇಲೆ ತೆವಳುತ್ತ ಅವಳು ಚಿತ್ರದ ಅಂಚಿನಿಂದ ಮರೆಯಾಗುತ್ತಾಳೆ; ಕೊಲೆಯನ್ನು ಕಣ್ಣಿಗೆ ತೋರಿಸದ ಈ ಸಂಯಮ ಮೆಚ್ಚತಕ್ಕದ್ದು. ಅದೇ ಕಂತಿನಲ್ಲಿಯೇ ಕಾರ್ಮೆಲಾ ಗಂಡನನ್ನು ಮರಳಿ ಮನೆಗೆ ಸೇರಿಸಿಕೊಳ್ಳುತ್ತಾಳೆ. ಅದಕ್ಕೆ ಅವಳು ಕಟ್ಟಿದ ಬೆಲೆ, ಮನೆ ಕಟ್ಟಿ ಮಾರಲು 600,000 ಡಾಲರಿನ ಒಂದು ನಿವೇಶನ. ಕಂತಿನ ಕೊನೆಯಲ್ಲಿ ಗಂಡಹೆಂಡಿರು ಆ ನಿವೇಶನವನ್ನು ನೋಡಲು ಬಂದು ಕುಳಿತಿದ್ದಾರೆ. ಅದೂ ಮರಗಳ ನಡುವಣ ಜಾಗ. ನೆಲದ ಮೇಲೆ ಅಲ್ಲಿಯೂ ತರಗೆಲೆಗಳು. ಒಂದು ಕಾಡಿನಲ್ಲಿ ಒಬ್ಬಳು ಸತ್ತಳು. ಇನ್ನೊಂದರಲ್ಲಿ ಒಬ್ಬಳು ಮನೆ ಕಟ್ಟಲು ನೆಲ ನೋಡುತ್ತಿದ್ದಾಳೆ. ಪಾತ್ರಗಳಾರೂ ಈ ಸಾಮ್ಯವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ.

ಇದರ ಉತ್ತರಾರ್ಧ 2006ರಲ್ಲಿದೆ. ಏಡ್ರಿಯಾನಾ ಎಲ್ಲಿಯೋ ಓಡಿಹೋದಳೆಂದೇ ಮನೆಯ ಹೆಂಗಸರಿಗೆಲ್ಲ ಹೇಳಲಾಗಿತ್ತು. ಪ್ಯಾರಿಸ್ ನಗರಕ್ಕೆ ಹೋದ ಕಾರ್ಮೆಲಾಳಿಗೆ ಅವಳು ಕನಸಿನಲ್ಲಿ ಕಾಣಿಸಿಕೊಳ್ಳುತ್ತಾಳೆ. ಊರಿಗೆ ಬಂದಮೇಲೆ, ಪತ್ತೇದಾರನೊಬ್ಬನನ್ನು ಗೊತ್ತುಮಾಡಿ ಆ ಹುಡುಗಿಯನ್ನು ಹುಡುಕಿಸಬೇಕೆಂದು ಅವಳು ಯೋಚಿಸುತ್ತಾಳೆ. ಅಷ್ಟರವರೆಗೆ ಅವಳ ಹೊಸ ಮನೆಯ ಕೆಲಸವನ್ನು, ಹಾಕಿದ ಮರ ಕಳಪೆಯಾದುದೆಂಬ ಕಾರಣದಿಂದ, ಕಟ್ಟಡದ ಅಧಿಕಾರಿ ತಡೆಹಿಡಿದಿದ್ದನು. ಟೋನಿಯು ಈಗ ಆ ತಡೆಯನ್ನು ತೆಗೆಸಿಕೊಡುತ್ತಾನೆ. ಕಾರ್ಮೆಲಾ ಇಟ್ಟಿಗೆ ಗಾರೆಗಳ ಸಂಭ್ರಮದಲ್ಲಿ ಮುಳುಗುತ್ತಾಳೆ. ಪತ್ತೇದಾರನ ಮಾತು ಬಿದ್ದುಹೋಗುತ್ತದೆ. ಯಾರೂ ಅವಳ ಬಾಯಿಯನ್ನು ಬಲಾತ್ಕಾರದಿಂದ ಕಟ್ಟಲಿಲ್ಲ. ಅವಳಿಗೆ ಪ್ರಿಯವಾದುದನ್ನು ಕೈಯಲ್ಲಿಟ್ಟರು, ಅಷ್ಟೆ. ಕಳಪೆ ಮರದಿಂದ ಎದ್ದ ಆ ಮನೆಯಲ್ಲಿ ಮುಂದೆ ಯಾವ ಸಂಸಾರ ಬಾಳುವುದೋ ಎಂಬ ಅಳುಕು ಸಹ ಅವಳನ್ನು ಕಾಡಿದಂತಿಲ್ಲ.

ಪಾತ್ರವನ್ನು ಧರಿಸಿದ ಈಡಿ ಫಾಲ್ಕೊ 1999, 2001, 2003ನೆಯ ಇಸವಿಗಳಲ್ಲಿ ಎಮ್ಮಿ ಪ್ರಶಸ್ತಿಗಳನ್ನು ಪಡೆದುದು ಉಚಿತವೇ ಆಗಿದೆ. ತಿಳಿದೂ ತಿಳಿಯದಂತಿರುವ ಸ್ಥಿತಿಯನ್ನು ಮಾತಿಲ್ಲದೆ ಅಭಿನಯಿಸುವುದು ಕಠಿನ. ಆಕೆ ಅದನ್ನು ತಟ್ಟೆ ಲೋಟಗಳನ್ನು ಜೋಡಿಸುವ ಕೈಯಿಂದ, ಕ್ಷಣಮಾತ್ರ ತಡೆದು ಬರುವ ನಗೆಯಿಂದ ಸಾಧಿಸಿದ್ದಾಳೆ. ಏಡ್ರಿಯಾನಾಳಾಗಿ ಡ್ರೇಯಾ ಡಿ ಮ್ಯಾಟಿಯೊಳ ಅಭಿನಯವೂ ಮನಸ್ಸಿನಲ್ಲಿ ಉಳಿಯುವಂಥದು.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ಈ ಕೂಟದ ಕೈಯಲ್ಲಿ ಕೆಟ್ಟುಹೋದ ಅಂಗಡಿಕಾರರು, ಅನಾಥರಾದ ಸಂಸಾರಗಳು ಇವರ ಮುಖಗಳು ಅಲ್ಲೊಮ್ಮೆ ಇಲ್ಲೊಮ್ಮೆ ಮಿಂಚಿ ಮಾಯವಾಗುತ್ತವೆ. ಕ್ರಾಕವರನಂಥ ಮನುಷ್ಯನು ಬರುವುದು ಒಂದೇ ದೃಶ್ಯದಲ್ಲಿ. ಟೋನಿಯ ಮಾತಿನ ಸೊಗಸು, ಊಟದ ಪಂಕ್ತಿಯ ಹಾಸ್ಯ, ಮನೆಯ ಬೆಚ್ಚನೆಯ ಬೆಳಕು ಇವುಗಳ ನಡುವೆ ಪ್ರೇಕ್ಷಕನೂ ಕಾರ್ಮೆಲಾಳಂತೆಯೇ ನೋಡದಿರುವುದನ್ನು ಕಲಿತುಬಿಡುತ್ತಾನೆ. ಇದು ಬೇಕೆಂದೇ ಮಾಡಿದ ತಂತ್ರವೆಂದು ಸಮರ್ಥಿಸಬಹುದು; ಸಮರ್ಥನೆಯಲ್ಲಿ ಸತ್ಯವೂ ಇದೆ. ಆದರೂ ನೊಂದವರಿಗೆ ಸಲ್ಲಬೇಕಾದ ಸ್ಥಾನ ಕೃತಿಯಲ್ಲಿ ಸಂದಿಲ್ಲವೆಂಬ ಕೊರತೆ ಉಳಿದೇ ಉಳಿಯುತ್ತದೆ. 86 ಕಂತುಗಳ ವಿಸ್ತಾರದಲ್ಲಿ ಆ ಸ್ಥಾನಕ್ಕೆ ಎಡೆಯಿರಲಿಲ್ಲವೆಂದು ಹೇಳುವಂತಿಲ್ಲ.

ಕೊನೆಯ ಕಂತು ಹಠಾತ್ತಾಗಿ ಕತ್ತಲೆಯಲ್ಲಿ ಮುಗಿಯುವುದನ್ನು ಕುರಿತು ದೊಡ್ಡ ಚರ್ಚೆ ನಡೆಯಿತು. ಟೋನಿ ಸತ್ತನೋ ಬದುಕಿದನೋ ಎಂದು ಜನ ವಾದಿಸಿದರು. ಆ ವಾದದ ಗದ್ದಲದಲ್ಲಿ, ಅದೇ ಕಂತಿನ ಮತ್ತೊಂದು ಸಂಗತಿಗೆ ದೊರೆಯಬೇಕಾದ ಗಮನ ದೊರೆಯಲಿಲ್ಲ. ಕಾನೂನಿನ ವೃತ್ತಿಯತ್ತ ಒಲಿದಿರುವ ಮೆಡೋಳಿಗೆ ವಿವಾಹ ಗೊತ್ತಾಗಿದೆ. ವರನು ಟೋನಿಯ ಕೂಟದವನಾದ ಪಾರೀಸಿಯ ಮಗ. ಅವನೂ ಕಾನೂನನ್ನು ಕಲಿತವನು. ಬೀಗರು ಬಂದು ಕುಳಿತು ಮದುವೆಯ ಮಾತು ಆಡುತ್ತಾರೆ. ತಾಯಿ ಮಗಳ ಓದಿಗಾಗಿ ಮಾಡಿದ ಪಾಡೆಲ್ಲ, ವಕೀಲೆಯ ಕಚೇರಿಗೆ ಹೊತ್ತ ಸಿಹಿಭಕ್ಷ್ಯ, ಕಾಲೇಜಿಗಿತ್ತ ದಾನ, ಎಲ್ಲವೂ ಸುತ್ತಿ ಬಂದು ಸೇರಿದುದು ಅದೇ ಹೊಸ್ತಿಲಿಗೆ. ಮಕ್ಕಳಿಗಾಗಿ ಸಹಿಸಿದೆನೆಂದು ಪಾದ್ರಿಯ ಮುಂದೆ ಹೇಳಿದವಳ ಮಗಳು ಆ ಲೋಕದೊಳಕ್ಕೆ, ಅರಿತೇ, ಮದುವೆಯಾಗಿ ಹೋಗುತ್ತಿದ್ದಾಳೆ. ತಾಯಿ ಹಿಗ್ಗಿನಿಂದ ನೋಡುತ್ತಿದ್ದಾಳೆ.

ಮನೆಗೆ ಬಂದ ಹಣದ ಮೂಲವನ್ನು ಕೇಳದೆ ಇರುವುದು ನ್ಯೂಜೆರ್ಸಿಯ ಪಾತಕಿಗಳ ಮನೆಗಳಿಗೆ ಮಾತ್ರ ಸೇರಿದ ಗುಣವಲ್ಲ. ಗೌರವಸ್ಥರ ಮನೆಗಳಲ್ಲಿಯೂ ಸಂಬಳಕ್ಕೆ ಮೀರಿದ ಒಡವೆಯನ್ನು ಕೊಳ್ಳುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. ಬೇಡನ ಹೆಂಡತಿಯಾದರೋ ಕೇಳಿದಾಗ ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದಳು. ಆ ಉತ್ತರದಿಂದ ಗಂಡನಾದರೂ ಉಳಿದನು. ಕಾರ್ಮೆಲಾ ಮೌನವಾಗಿ ಉಂಡಳು, ಮೌನವಾಗಿ ಬಡಿಸಿದಳು. ಅನ್ನದಲ್ಲಿ ಪಾಲು ಪಡೆದು ಪಾಪದಲ್ಲಿ ಪಾಲಿಲ್ಲವೆನ್ನುವ ಮಾತು ನಿಲ್ಲುವುದೇ ಎಂಬ ಪ್ರಶ್ನೆಗೆ ಈ ನಾಟಕ ಉಪದೇಶದಿಂದ ಉತ್ತರ ಕೊಡದೆ, ಒಂದು ಮನೆಯ ಬಾಳನ್ನೇ ತೆರೆದಿಟ್ಟಿರುವುದರಿಂದ ಸಹೃದಯರು ಇದನ್ನು ಶ್ರದ್ಧೆಯಿಂದ ನೋಡತಕ್ಕದ್ದಾಗಿದೆ.