‘ಸೂಪರ್ ಮಾರಿಯೊ ಬ್ರದರ್ಸ್’ ಚಲನಚಿತ್ರ: ಮೂಲನಿಷ್ಠೆಯ ಪ್ರಶ್ನೆ

ಒಂದು ಮಾಧ್ಯಮದ ಕೃತಿ ಇನ್ನೊಂದು ಮಾಧ್ಯಮಕ್ಕೆ ರೂಪಾಂತರಗೊಂಡಾಗ ವಿಮರ್ಶಕರು ಮೊದಲು ಎತ್ತುವ ಪ್ರಶ್ನೆ ಮೂಲನಿಷ್ಠೆಯದು. ಕಾದಂಬರಿ ನಾಟಕವಾದಾಗಲೂ ನಾಟಕ ಚಲನಚಿತ್ರವಾದಾಗಲೂ ಈ ಪ್ರಶ್ನೆ ಏಳುತ್ತದೆ. ಅದು ಸಹಜವೂ ಹೌದು. ಆದರೆ ಮೂಲದ ಯಾವ ಅಂಶಕ್ಕೆ ನಿಷ್ಠೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಕೊಟ್ಟ ತೀರ್ಪು ಅರೆ ತೀರ್ಪೇ ಆಗುತ್ತದೆ. ರಾಕಿ ಮಾರ್ಟನ್ ಮತ್ತು ಅನಬೆಲ್ ಜ್ಯಾಂಕೆಲ್ ಅವರು ನಿರ್ದೇಶಿಸಿದ, 1993ರಲ್ಲಿ ತೆರೆಕಂಡ ‘ಸೂಪರ್ ಮಾರಿಯೊ ಬ್ರದರ್ಸ್’ ಚಿತ್ರದ ವಿಷಯದಲ್ಲಿ ಹೀಗೇ ಆಯಿತೆಂದು ನಮ್ಮ ಅಭಿಪ್ರಾಯ. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ವೀಡಿಯೊ ಆಟವೊಂದನ್ನು ಆಧರಿಸಿ ಹಾಲಿವುಡ್ ತಯಾರಿಸಿದ ಮೊದಲ ದೊಡ್ಡ ಕಥಾಚಿತ್ರವಿದು. ಸುಮಾರು 4.8 ಕೋಟಿ ಡಾಲರುಗಳ ವೆಚ್ಚದಲ್ಲಿ ಸಿದ್ಧವಾಗಿ, ಅಮೆರಿಕದ ಚಿತ್ರಮಂದಿರಗಳಲ್ಲಿ ಸುಮಾರು 2.1 ಕೋಟಿಯಷ್ಟನ್ನು ಮಾತ್ರ ಗಳಿಸಿತು. ವಿಮರ್ಶಕರಲ್ಲಿ ಬಹುಮಂದಿ ಅದನ್ನು ನಿರಾಕರಿಸಿದರು. ಮಾರಿಯೊನ ಪಾತ್ರ ವಹಿಸಿದ್ದ ಬಾಬ್ ಹಾಸ್ಕಿನ್ಸ್ ಅವರೇ 2007ರಲ್ಲಿ, ತಾವು ಮಾಡಿದ ಕೆಲಸಗಳಲ್ಲೆಲ್ಲ ಇದೇ ಅತ್ಯಂತ ಕೆಟ್ಟದ್ದೆಂದು ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಆಕ್ಷೇಪವೆಂದರೆ ಚಿತ್ರ ಆಟವನ್ನು ಹೋಲುವುದಿಲ್ಲ ಎಂಬುದು. ಆಟದ ಬಣ್ಣಬಣ್ಣದ ಲೋಕದ ಬದಲು ಇಲ್ಲಿ ಕತ್ತಲು ಕವಿದ ಕೊಳಕು ನಗರವೊಂದು ಕಾಣಿಸುತ್ತದೆ.

ಹಾಗಾದರೆ ಮೂಲ ಯಾವುದು? ಜಪಾನಿನ ನಿಂಟೆಂಡೊ ಸಂಸ್ಥೆ 1985ರಲ್ಲಿ ಹೊರತಂದ, ಶಿಗೆರು ಮಿಯಾಮೊಟೊ ಅವರ ನೇತೃತ್ವದಲ್ಲಿ ರೂಪುಗೊಂಡ ಆಟವದು. ಅದರಲ್ಲಿ ಓಟವಿದೆ, ನೆಗೆತವಿದೆ. ಕಥೆಯೆಂಬುದು ಹೆಸರಿಗೆ ಮಾತ್ರ. ಅಣಬೆ ದೊರೆತರೆ ನಾಯಕ ಬೆಳೆಯುತ್ತಾನೆ. ಗೂಂಬ ಎಂಬ ಪುಟ್ಟ ಶತ್ರು ತಗುಲಿದರೆ ಕುಗ್ಗುತ್ತಾನೆ ಇಲ್ಲವೆ ಸಾಯುತ್ತಾನೆ. ಆದರೆ ಆಟದೊಡನೆ ಬಂದ ಕೈಪಿಡಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯುಂಟು. ಕೂಪಾ ಎಂಬ ಆಮೆಗಳ ಕುಲ ತನ್ನ ಮಾಟದಿಂದ ಅಣಬೆ ರಾಜ್ಯದ ಶಾಂತ ಪ್ರಜೆಗಳನ್ನು ಕಲ್ಲು, ಇಟ್ಟಿಗೆ, ಗಿಡಗಳಾಗಿ ಮಾರ್ಪಡಿಸಿತೆಂದು ಅಲ್ಲಿ ಹೇಳಿದೆ. ಆಡುವವನು ಈ ಮಾತನ್ನು ಓದಿದರೂ ಮರೆಯುತ್ತಾನೆ. ಆಟದ ಓಟದಲ್ಲಿ ಇಟ್ಟಿಗೆ ಇಟ್ಟಿಗೆಯೇ. ಒಡೆದರೆ ಅವನಿಗೆ ನೋವೇನೂ ಇಲ್ಲ.

ಚಿತ್ರವು ಕೈಗೆತ್ತಿಕೊಂಡಿರುವುದು ಈ ಮರೆತ ಮಾತಿನ ಆಶಯವನ್ನೇ. 6.5 ಕೋಟಿ ವರ್ಷಗಳ ಹಿಂದೆ ಬಿದ್ದ ಉಲ್ಕೆಯೊಂದರಿಂದ ಜಗತ್ತು ಎರಡಾಗಿ ಸೀಳಿತೆಂದೂ, ಒಂದರಲ್ಲಿ ಸಸ್ತನಿಗಳಿಂದ ಮನುಷ್ಯರೂ ಇನ್ನೊಂದರಲ್ಲಿ ಡೈನೋಸಾರ್‌ಗಳಿಂದ ಮನುಷ್ಯರನ್ನು ಹೋಲುವ ಜೀವಿಗಳೂ ವಿಕಾಸಗೊಂಡರೆಂದೂ ಅದರ ಕಲ್ಪನೆ. ಬ್ರೂಕ್ಲಿನ್ನಿನಲ್ಲಿ ಕೊಳಾಯಿ ಕೆಲಸ ಮಾಡುವ ಮಾರಿಯೊ ಮತ್ತು ಅವನೇ ಸಾಕಿ ಬೆಳೆಸಿದ ತಮ್ಮ ಲೂಯಿಜಿ, ಅಪಹೃತಳಾದ ಡೇಸಿಯನ್ನು ಅರಸುತ್ತ ಆ ಎರಡನೆಯ ಲೋಕವನ್ನು ಹೊಗುತ್ತಾರೆ. ಅಲ್ಲಿ ಡೆನಿಸ್ ಹಾಪರ್ ಅಭಿನಯಿಸಿದ ಕೂಪಾ ಸರ್ವಾಧಿಕಾರಿ. ಅವನ ಬಳಿ ಮಾಟವಿಲ್ಲ. ವಿಕಾಸದ ಕ್ರಮವನ್ನು ಹಿಂದಕ್ಕೆ ತಿರುಗಿಸುವ ಯಂತ್ರವಿದೆ. ಪದಚ್ಯುತನಾದ ರಾಜನನ್ನು ಆ ಯಂತ್ರದಿಂದಲೇ ಅವನು ಶಿಲೀಂಧ್ರವನ್ನಾಗಿ ಮಾಡಿದ್ದಾನೆ.

ಈ ಶಿಲೀಂಧ್ರವೇ ಚಿತ್ರದ ಮುಖ್ಯ ಪ್ರತಿಮೆ. ಅದು ಬೀದಿ, ಗೋಡೆ, ಕಂಬಗಳಲ್ಲೆಲ್ಲ ನೂಲುನೂಲಾಗಿ, ಲೋಳೆಯಾಗಿ ಹಬ್ಬಿದೆ. ಸೋಂಕಿಗೆ ಹೇಸುವ ಕೂಪಾ ಅದನ್ನು ಕಂಡರೆ ಸಹಿಸಲಾರ. ಅದು ತಮಗೆ ನೆರವಾಗಲು ಯತ್ನಿಸುತ್ತಿದೆಯೆಂಬುದು ಲೂಯಿಜಿಗೆ ಮೊದಲೇ ಹೊಳೆಯುತ್ತದೆ. ಮಾರಿಯೊ ಸುಲಭವಾಗಿ ನಂಬುವುದಿಲ್ಲ. ಆಟದಲ್ಲಿ ಅಣಬೆ ಕಾರಣವಿಲ್ಲದೆ ಒದಗುವ ವರ. ಚಿತ್ರದಲ್ಲಿ ಆ ನೆರವಿಗೆ ಕಾರಣ ಒದಗಿದೆ: ರೂಪ ಕಳೆದುಕೊಂಡ ಅರಸನು ತನ್ನ ನಗರದ ಮೈಯೆಲ್ಲ ವ್ಯಾಪಿಸಿ ಸಹಾಯ ನೀಡುತ್ತಿದ್ದಾನೆ. ಆಟದ ನಿಯಮವೊಂದು ಹೀಗೆ ಅರ್ಥವುಳ್ಳ ಸಂಕೇತವಾಗಿ ಮಾರ್ಪಟ್ಟಿರುವುದನ್ನು ಮೂಲದ್ರೋಹವೆನ್ನುವುದು ಹೇಗೆ?

ಗೂಂಬಗಳ ವಿಷಯವೂ ಇಂಥದೇ. ಆಟದಲ್ಲಿ ಅವು ತುಳಿದು ಮುಂದೆ ಸಾಗಬೇಕಾದ ಅಡಚಣೆಗಳು. ಚಿತ್ರದಲ್ಲಿ ಅವು ಭಾರಿ ದೇಹದ, ಪುಟ್ಟ ತಲೆಯ ಕಾವಲುಗಾರರು. ಒಂದು ಕಾಲದ ನಾಗರಿಕರು. ಕೂಪಾನ ವಿರುದ್ಧ ಬೀದಿಯಲ್ಲಿ ಹಾಡಿದ ಟೋಡ್ ಎಂಬ ಗಾಯಕನನ್ನು ನಮ್ಮ ಕಣ್ಣೆದುರೇ ಗೂಂಬವನ್ನಾಗಿ ಮಾಡಲಾಗುತ್ತದೆ. ಅವನ ಮೌತ್ ಆರ್ಗನ್ ಮಾತ್ರ ಅವನೊಡನೆ ಉಳಿಯುತ್ತದೆ. ಲಿಫ್ಟಿನಲ್ಲಿ ಗೂಂಬಗಳ ನಡುವೆ ಸಿಕ್ಕಿಕೊಂಡ ಲೂಯಿಜಿ ಅವುಗಳನ್ನು ಮೆಲ್ಲನೆ ತಳ್ಳಿ ಸಂಗೀತಕ್ಕೆ ತೂಗಾಡುವಂತೆ ಮಾಡುವ ದೃಶ್ಯವನ್ನು ಬರಿಯ ವಿನೋದವೆಂದು ಹಲವರು ಎಣಿಸಿದ್ದಾರೆ. ಆದರೆ ಟೋಡನ ಗತಿಯನ್ನು ಕಂಡ ಪ್ರೇಕ್ಷಕನಿಗೆ ಆ ತೂಗಾಟದಲ್ಲಿ ಅಳಿದುಳಿದ ಮನುಷ್ಯತ್ವದ ಸುಳಿವು ಸಿಕ್ಕದಿರದು. ಹಾಸ್ಯದ ಒಡಲಲ್ಲಿ ಕರುಣೆ ಹೀಗೆ ಸೇರಿಕೊಂಡಿರುವುದು ಈ ಚಿತ್ರದ ಅತ್ಯುತ್ತಮ ಗುಣ.

ಈ ಲೋಕಕ್ಕೆ ಘನತೆಯನ್ನು ತಂದುಕೊಟ್ಟವರಲ್ಲಿ ‘ಬ್ಲೇಡ್ ರನ್ನರ್’ (1982) ಚಿತ್ರದಲ್ಲಿಯೂ ಕೆಲಸ ಮಾಡಿದ್ದ ವಿನ್ಯಾಸಕಾರ ಡೇವಿಡ್ ಸ್ನೈಡರ್ ಪ್ರಮುಖರು. ಉತ್ತರ ಕ್ಯಾರೊಲಿನದ ವಿಲ್ಮಿಂಗ್ಟನ್ನಿನ ಬಳಿ ಮುಚ್ಚಿಹೋಗಿದ್ದ ಸಿಮೆಂಟು ಕಾರ್ಖಾನೆಯೊಳಗೆ ಈ ನಗರವನ್ನು ಕಟ್ಟಲಾಯಿತು. ಅಲ್ಲಿನ ತುಕ್ಕು, ತೇವ, ಇಕ್ಕಟ್ಟುಗಳು ಬಣ್ಣ ಬಳಿದ ಪರದೆಯಿಂದ ಹುಟ್ಟುವಂಥವಲ್ಲ.

ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಚಿತ್ರೀಕರಣ ನಡೆಯುತ್ತಿದ್ದಾಗಲೂ ಚಿತ್ರಕಥೆಯನ್ನು ತಿದ್ದುತ್ತಲೇ ಇದ್ದುದರ ಫಲವಾಗಿ ಕೃತಿಯ ಸ್ಥಾಯಿ ನಿಲ್ಲುವುದಿಲ್ಲ: ಮಕ್ಕಳ ವಿನೋದಕ್ಕೂ ಪ್ರೌಢ ವಿಡಂಬನಕ್ಕೂ ನಡುವೆ ಅದು ಹೊಯ್ದಾಡುತ್ತದೆ. ಬೆನ್ನಟ್ಟುವ ದೃಶ್ಯಗಳು ಅತಿಯಾದುವು. ಕೂಪಾನ ಅವಸಾನ ಅವಸರದ್ದು. ಶಿಲೀಂಧ್ರವಾಗಿದ್ದ ಅರಸನು ಕೊನೆಯಲ್ಲಿ ಸ್ವರೂಪಕ್ಕೆ ಮರಳುವ ಸನ್ನಿವೇಶಕ್ಕೆ ಸಲ್ಲಬೇಕಾದ ಅವಕಾಶ ದೊರೆತಿಲ್ಲ. ಕ್ಷೇಮೇಂದ್ರನ ಔಚಿತ್ಯದ ಒರೆಗಲ್ಲಿಗೆ ಹಚ್ಚಿದರೆ ಅಂಗಾಂಗಗಳ ಹೊಂದಿಕೆಯಲ್ಲಿ ಕೊರತೆ ಎದ್ದು ಕಾಣುತ್ತದೆ. ಆದರೆ ಇವು ಕೃತಿಯನ್ನು ಕೃತಿಯಾಗಿ ನೋಡಿ ಕಂಡುಕೊಂಡ ದೋಷಗಳು. ಆಟದಂತಿಲ್ಲವೆಂಬ ದೂರಿಗೂ ಇವಕ್ಕೂ ಸಂಬಂಧವಿಲ್ಲ.

2023ರಲ್ಲಿ ಅದೇ ಆಟಮಾಲೆಯನ್ನು ಆಧರಿಸಿದ ವ್ಯಂಗ್ಯಚಲನಚಿತ್ರವೊಂದು ತೆರೆಕಂಡು ಲೋಕದಾದ್ಯಂತ 130 ಕೋಟಿ ಡಾಲರುಗಳಿಗೂ ಮಿಕ್ಕಿ ಗಳಿಸಿತು. ಬಣ್ಣ, ಉಡುಪು, ಸಂಗೀತಗಳಲ್ಲಿ ಅದು ಮೂಲವನ್ನು ಬಹು ಶ್ರದ್ಧೆಯಿಂದ ಅನುಸರಿಸಿದೆ. ಅದರ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಕೈಪಿಡಿಯ ಆ ಹಳೆಯ ಮಾತು, ಪ್ರಜೆಗಳು ಕಲ್ಲಾಗಿ ಇಟ್ಟಿಗೆಯಾಗಿ ಹೋದರೆಂಬ ಮಾತು, ಅಲ್ಲಿ ಕಥೆಯ ಬೀಜವಾಗಿಲ್ಲ. ಹೊರಗಿನ ಹೋಲಿಕೆಯಲ್ಲಿ ಸೋತ 1993ರ ಚಿತ್ರವೇ ಒಳಗಿನ ಆಶಯಕ್ಕೆ ಹೆಚ್ಚು ಹತ್ತಿರವಾಗಿದೆ. ರೂಪಾಂತರಗಳನ್ನು ಅಭ್ಯಾಸಮಾಡುವ ವಿದ್ಯಾರ್ಥಿಗಳು ಮೂಲವನ್ನು ಮತ್ತೊಮ್ಮೆ ಓದಿಕೊಂಡು, ಅದರ ಯಾವ ಮಾತಿಗೆ ರೂಪಾಂತರಕಾರ ಉತ್ತರ ಕೊಡುತ್ತಿದ್ದಾನೆಂಬುದನ್ನು ಕೇಳಿಕೊಂಡ ಮೇಲೆಯೇ ಬೆಲೆಗಟ್ಟುವುದು ಯುಕ್ತ. ಹಾಗೆ ನೋಡಿದವರಿಗೆ ಈ ಚಿತ್ರ ಗೋಡೆಗಂಟಿದ ಆ ಶಿಲೀಂಧ್ರದಲ್ಲಿ ಅರಸನನ್ನು ತೋರಿಸುತ್ತದೆ.