ಸಂಪಾದಕನೂ ಪೂರ್ವಪಕ್ಷವೂ

ನ್ಯಾಯಸೂತ್ರಕಾರನಾದ ಗೌತಮನು ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಪರರದನ್ನು ಕೆಡವುವುದಷ್ಟೇ ವಿತಂಡ. ಹಿಂದಿನ ಪಂಡಿತಸಭೆಗಳಲ್ಲಿ ವಾದಿಪ್ರತಿವಾದಿಗಳಲ್ಲದೆ ಮಧ್ಯಸ್ಥನೆಂಬ ಮೂರನೆಯವನೂ ಇರುತ್ತಿದ್ದನು. ಚರ್ಚೆಯು ದಾರಿ ತಪ್ಪದಂತೆ ನೋಡಿಕೊಳ್ಳುವುದು ಅವನ ಹೊಣೆ. ಅಚ್ಚಿನ ಯಂತ್ರವು ಬಂದ ಬಳಿಕ ಸಭೆಯು ಪತ್ರಿಕೆಯ ಪುಟಗಳಲ್ಲಿ ಸೇರತೊಡಗಿತು. ಮಧ್ಯಸ್ಥನ ಪೀಠವು ಸಂಪಾದಕನ ಪಾಲಿಗೆ ಬಂದಿತು. ಆದರೆ ಇವರಿಬ್ಬರಲ್ಲಿ ಒಂದು ಭೇದವುಂಟು. ಮಧ್ಯಸ್ಥನು ಸಭೆಗೆ ಬಂದವರ ಮಾತನ್ನು ತೂಗುವನು. ಸಂಪಾದಕನಾದರೋ ಸಭೆಗೆ ಯಾರು ಬರಬೇಕು, ಯಾರು ಬರಬಾರದು ಎಂಬುದನ್ನೂ ತಾನೇ ನಿರ್ಣಯಿಸುವನು. ಅವನ ಅಧಿಕಾರದ ಹಿರಿಯ ಭಾಗವು ವಾಚಕರ ಕಣ್ಣಿಗೆ ಬೀಳುವುದೇ ಇಲ್ಲ. ಅಚ್ಚಾದ ಲೇಖನವನ್ನು ಯಾರಾದರೂ ಖಂಡಿಸಬಹುದು. ಅಚ್ಚಾಗದುದನ್ನು ಖಂಡಿಸುವವರಾರು, ಸಮರ್ಥಿಸುವವರಾರು?

ಈ ಅಧಿಕಾರವನ್ನು ಧರ್ಮವೆಂದು ತಿಳಿದು ನಡೆಸಿದವರಲ್ಲಿ ರಾಮಾನಂದ ಚಟರ್ಜಿಯವರು ಸ್ಮರಣೀಯರು. ಅಲಹಾಬಾದಿನ ಕಾಯಸ್ಥ ಪಾಠಶಾಲೆಯಲ್ಲಿ ಪ್ರಿನ್ಸಿಪಾಲರಾಗಿದ್ದ ಇವರು ೧೯೦೧ರಲ್ಲಿ 'ಪ್ರವಾಸಿ' ಎಂಬ ಬಂಗಾಳಿ ಮಾಸಪತ್ರಿಕೆಯನ್ನೂ, ೧೯೦೭ರಲ್ಲಿ 'ಮಾಡರ್ನ್ ರಿವ್ಯೂ' ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನೂ ಸ್ಥಾಪಿಸಿದರು. ಇವರು ಯಾವ ಪಕ್ಷವೂ ಇಲ್ಲದ ತಟಸ್ಥರೆಂದು ತಿಳಿಯಬಾರದು. ಸಂಡರ್ಲೆಂಡರೆಂಬ ಅಮೆರಿಕದ ಪಾದ್ರಿಗಳು ಭಾರತದ ಸ್ವಾತಂತ್ರ್ಯವನ್ನು ಎತ್ತಿಹಿಡಿದು ಬರೆದ ಪುಸ್ತಕವನ್ನು ಪ್ರಕಟಿಸಿದುದಕ್ಕಾಗಿ ೧೯೨೯ರಲ್ಲಿ ರಾಜದ್ರೋಹದ ಆಪಾದನೆಗೆ ಗುರಿಯಾಗಿ ದಂಡ ತೆತ್ತವರು ಇವರು. ಆದರೆ ತಮ್ಮ ಅಭಿಪ್ರಾಯಗಳನ್ನು ಪತ್ರಿಕೆಯ ಟಿಪ್ಪಣಿಗಳ ವಿಭಾಗದಲ್ಲಿ ತಮ್ಮ ಮಾತೆಂದೇ ಬರೆದು, ಉಳಿದ ಪುಟಗಳನ್ನು ಪರಸ್ಪರ ಒಪ್ಪದ ವಿದ್ವಾಂಸರಿಗೆ ತೆರೆದಿಟ್ಟರು. ಸಂಪಾದಕನಿಗೆ ಮತವಿರಬಾರದೆಂದಲ್ಲ, ಅದು ಪರರ ಲೇಖನದೊಳಗೆ ನುಸುಳಬಾರದು, ಅಷ್ಟೆ.

ಇದರ ಫಲವು ೧೯೨೧ರಲ್ಲಿ ಕಂಡುಬಂದಿತು. ಅಸಹಕಾರದ ಅಲೆಯು ದೇಶವನ್ನೆಲ್ಲ ವ್ಯಾಪಿಸಿದ್ದ ಆ ವರ್ಷದ ಅಕ್ಟೋಬರಿನ 'ಮಾಡರ್ನ್ ರಿವ್ಯೂ'ವಿನಲ್ಲಿ ರವೀಂದ್ರನಾಥ ಠಾಕೂರರು ದೀರ್ಘವಾದ ಲೇಖನವೊಂದನ್ನು ಬರೆದರು. ವಿಚಾರಮಾಡದೆ ಆಜ್ಞೆಯನ್ನು ಪಾಲಿಸುವ ಅಭ್ಯಾಸವು ಸ್ವರಾಜ್ಯಕ್ಕೆ ತಳಹದಿಯಾಗಲಾರದೆಂಬುದು ಅವರ ಆಕ್ಷೇಪ. ಜನವೆಲ್ಲ ಒಂದೇ ಕಂಠದಿಂದ ಜಯಕಾರ ಮಾಡುತ್ತಿದ್ದಾಗ ಇಂಥ ಲೇಖನವನ್ನು ಅಚ್ಚುಹಾಕುವುದಕ್ಕೆ ಬರೆದವರಿಗೆಷ್ಟೋ ಅಷ್ಟೇ ಧೈರ್ಯವು ಸಂಪಾದಕರಿಗೂ ಬೇಕು. ಅದೇ ತಿಂಗಳು ೧೩ರಂದು ಗಾಂಧೀಜಿಯವರು ತಮ್ಮ 'ಯಂಗ್ ಇಂಡಿಯಾ'ದಲ್ಲಿ ಉತ್ತರವಿತ್ತರು. ಕವಿಯನ್ನು ಎಚ್ಚರಿಸುವ ಮಹಾಪಹರೆಯವರೆಂದು ಗೌರವಿಸಿ, ಹಸಿದವನಿಗೆ ದೇವರು ಕೆಲಸದ ರೂಪದಲ್ಲಿಯೇ ಕಾಣಬೇಕೆಂದು ತಮ್ಮ ಪಕ್ಷವನ್ನು ಸ್ಥಾಪಿಸಿದರು. ಚರಕವನ್ನು ಕುರಿತು ೧೯೨೫ರಲ್ಲಿ ವಾದವು ಮತ್ತೊಮ್ಮೆ ಇದೇ ಎರಡು ಪತ್ರಿಕೆಗಳಲ್ಲಿ ಬೆಳೆಯಿತು. ೧೯೩೪ರ ಜನವರಿ ೧೫ರಂದು ಬಿಹಾರದಲ್ಲಿ ಭೂಕಂಪವಾದಾಗ, ಅದು ಅಸ್ಪೃಶ್ಯತೆಯ ಪಾಪಕ್ಕೆ ದೈವವು ವಿಧಿಸಿದ ದಂಡನೆಯೆಂದು ಗಾಂಧೀಜಿ ನುಡಿದರು. ಈ ಮಾತು ಯುಕ್ತಿವಿರುದ್ಧವೆಂದು ಠಾಕೂರರು ಖಂಡಿಸಿದರು. ಆ ಖಂಡನೆಯು ಫೆಬ್ರವರಿ ೧೬ರಂದು ಗಾಂಧೀಜಿಯವರ 'ಹರಿಜನ' ಪತ್ರಿಕೆಯಲ್ಲಿಯೇ ಅವರ ಸಮಾಧಾನದೊಡನೆ ಪ್ರಕಟವಾಯಿತು. ಭೂಕಂಪದ ಕಾರಣವನ್ನು ಕುರಿತು ಯುಕ್ತಿಯು ಕವಿಯ ಕಡೆಗಿದ್ದಿತು. ಸಂಪಾದಕಧರ್ಮವಾದರೋ ಮಹಾತ್ಮರ ಕಡೆಗೂ ಇದ್ದಿತು.

ಪ್ರತಿಪಕ್ಷಕ್ಕೆ ಎಡೆಗೊಟ್ಟರೆ ಸ್ವಪಕ್ಷವು ದುರ್ಬಲವಾಗುವುದೆಂದು ಕೆಲವರ ಶಂಕೆ. ಭಾಷ್ಯಕಾರರ ಪದ್ಧತಿಯು ಈ ಶಂಕೆಗೆ ಉತ್ತರವಾಗಿದೆ. ಪೂರ್ವಪಕ್ಷವನ್ನು ಪ್ರಬಲವಾಗಿ ನಿರೂಪಿಸದೆ ಸಿದ್ಧಾಂತಕ್ಕೆ ಇಳಿಯುವುದು ಅವರಲ್ಲಿ ಸಲ್ಲದು. ಎದುರಾಳಿಯನ್ನು ಹುಲ್ಲುಗೊಂಬೆಯನ್ನಾಗಿ ಮಾಡಿ ಕೆಡವಿದ ಮಾತ್ರಕ್ಕೆ ಯಾವ ಮತವೂ ನಿಲ್ಲಲಿಲ್ಲ. ಕನ್ನಡದ ಶೂನ್ಯಸಂಪಾದನೆಗಳಲ್ಲಿಯೂ ಶರಣರ ವಚನಗಳು ಪ್ರಶ್ನೆ, ಪ್ರತಿಪ್ರಶ್ನೆಗಳ ಸಂವಾದವಾಗಿ ಜೋಡಣೆಗೊಂಡಿವೆ. ಅಲ್ಲಮಪ್ರಭುವಿಗೆ ಇದಿರಾಗಿ ನಿಂತವರ ನುಡಿಗಳಿಗೂ ಅಲ್ಲಿ ಸ್ಥಾನವುಂಟು.

ಆದರೆ ಇಷ್ಟಕ್ಕೇ ಪ್ರಶಂಸೆಯನ್ನು ಮುಗಿಸಿದರೆ ವಿಮರ್ಶೆಯು ಅರ್ಧವಾಗುವುದು. ಠಾಕೂರರೂ ಗಾಂಧೀಜಿಯವರೂ ಲೋಕವೇ ಕಿವಿಗೊಡುತ್ತಿದ್ದ ಮಹನೀಯರು. ಇಂಥವರಿಗೆ ಬಾಗಿಲು ತೆರೆಯುವುದು ದೊಡ್ಡದೇ ಆದರೂ ಕಷ್ಟವಾದುದಲ್ಲ. ಸಭೆಯ ಹೊರಗೆ ನಿಂತವನ ವಿಷಯದಲ್ಲಿ ಸಂಪಾದಕನು ಹೇಗೆ ನಡೆದುಕೊಳ್ಳುವನೆಂಬುದೇ ನಿಜವಾದ ಒರೆಗಲ್ಲು. ೧೯೨೦ರ ಜನವರಿ ೩೧ರಂದು ಅಂಬೇಡಕರರು 'ಮೂಕನಾಯಕ'ವೆಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಅದರ ಪ್ರಕಟನೆಯನ್ನು ಹಣಕ್ಕೂ ಅಚ್ಚುಹಾಕಲು 'ಕೇಸರಿ'ಯು ಒಪ್ಪಲಿಲ್ಲವೆಂದು ಅವರು ಹೇಳಿಕೊಂಡಿರುವರು. ಸ್ವರಾಜ್ಯಕ್ಕಾಗಿ ಅಷ್ಟು ಶ್ರಮಿಸಿದ ಪತ್ರಿಕೆಯಲ್ಲಿ ನಾಲ್ಕು ಸಾಲಿಗೆ ಸ್ಥಳವಿಲ್ಲದೆ ಹೋದುದು ಶೋಚನೀಯವು. ೧೯೩೩ರ ಫೆಬ್ರವರಿ ೧೧ರ 'ಹರಿಜನ'ದ ಮೊದಲ ಸಂಚಿಕೆಯಲ್ಲಿ, ಜಾತಿಯು ನಾಶವಾಗದೆ ಅಸ್ಪೃಶ್ಯತೆಯು ಹೋಗದೆಂಬ ಅಂಬೇಡಕರರ ಹೇಳಿಕೆಯನ್ನು ಗಾಂಧೀಜಿ ತಮ್ಮ ಭಿನ್ನಾಭಿಪ್ರಾಯದೊಡನೆ ಪ್ರಕಟಿಸಿದರೆಂಬುದು ನಿಜ. ಆದರೂ ಪರರ ಮನೆಯ ಜಗಲಿಯಲ್ಲಿ ದೊರೆತ ಆಸನವು ಸ್ವಂತ ಮನೆಯಾಗದು.

೧೯೩೬ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲವು ಅಂಬೇಡಕರರನ್ನು ತನ್ನ ಸಮ್ಮೇಲನದ ಅಧ್ಯಕ್ಷರನ್ನಾಗಿ ಆರಿಸಿ, ಅವರ ಭಾಷಣದ ಕೆಲವು ಭಾಗಗಳನ್ನು ಬಿಡಬೇಕೆಂದು ಕೇಳಿತು. ಅವರು ಅಕ್ಷರವನ್ನೂ ಬದಲಿಸೆನೆಂದರು, ಸಮ್ಮೇಲನವು ನಡೆಯಲಿಲ್ಲ. ಅವರು ಭಾಷಣವನ್ನು ತಾವೇ ಮುದ್ರಿಸಿದರು. ಗಾಂಧೀಜಿಯವರು ಜುಲೈ ತಿಂಗಳ 'ಹರಿಜನ'ದಲ್ಲಿ ಅದನ್ನು ವಿಮರ್ಶಿಸಿದರು. ೧೯೩೭ರಲ್ಲಿ ಎರಡನೆಯ ಮುದ್ರಣವನ್ನು ಹೊರಡಿಸುವಾಗ ಅಂಬೇಡಕರರು ಮಾಡಿದ ಕಾರ್ಯವು ಗಮನಾರ್ಹವು: ತಮ್ಮ ಪ್ರತ್ಯುತ್ತರಕ್ಕೆ ಮೊದಲು ಗಾಂಧೀಜಿಯವರ ವಿಮರ್ಶೆಯನ್ನೂ ಅದೇ ಪುಸ್ತಕದಲ್ಲಿ ಅಚ್ಚುಹಾಕಿಸಿದರು. ಸಭೆಯ ಬಾಗಿಲನ್ನು ಯಾರಿಗೆ ಮುಚ್ಚಲಾಗಿದ್ದಿತೋ ಅವರೇ ಪೂರ್ವಪಕ್ಷಕ್ಕೆ ತಮ್ಮ ಮನೆಯಲ್ಲಿ ಆಸನವಿತ್ತರು.

ಈ ಕಾಲದಲ್ಲಿ ಅಚ್ಚಿನ ಸ್ಥಳಕ್ಕೆ ಅಭಾವವಿಲ್ಲ. ಕೈಯೊಳಗಿನ ಯಂತ್ರದಿಂದ ಯಾರು ಬೇಕಾದರೂ ತಮ್ಮ ಮಾತನ್ನು ಲೋಕಕ್ಕೆ ಸಾರಬಹುದು. ಅಭಾವವಿರುವುದು ವಾದಿಪ್ರತಿವಾದಿಗಳನ್ನು ಒಂದೇ ಸಭೆಗೆ ಕರೆದು ಕೂರಿಸುವವರಿಗೆ. ಆದುದರಿಂದ ಪತ್ರಿಕೆಯೊಂದರ ಯೋಗ್ಯತೆಯನ್ನು ಅಳೆಯುವಾಗ ಅದರ ಅಗ್ರಲೇಖನವನ್ನು ಓದಿದರೆ ಸಾಲದು. ಸಂಪಾದಕನಿಗೆ ಒಪ್ಪಿಗೆಯಾಗದ ಮಾತು ಅದರಲ್ಲಿ ಎಲ್ಲಿ, ಎಷ್ಟು ಅಂದವಾಗಿ, ಯಾರ ಬಾಯಿಂದ ಬಂದಿದೆಯೆಂದು ಹುಡುಕಬೇಕು. ಅಂಥದೊಂದು ಪುಟವೂ ಸಿಕ್ಕದ ಪತ್ರಿಕೆಯು ಎಷ್ಟು ವಿದ್ವತ್ಪೂರ್ಣವಾಗಿದ್ದರೂ ಸಭೆಯೆನಿಸದು, ಒಬ್ಬನ ಉಪನ್ಯಾಸವೆನಿಸುವುದು.