ಔಷಧದಾನ ಮತ್ತು ಉತ್ಸರ್ಗ: ‘ಕಲ್ಯಾಣಕಾರಕ’ದ ಒಂದು ಮರು ಓದು

ಜೈನ ವೈದ್ಯಗ್ರಂಥಗಳಲ್ಲಿ ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ಕ್ಕಿರುವ ಸ್ಥಾನವು ನಮ್ಮ ವಾಚಕರಿಗೆ ಅಪರಿಚಿತವೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿತವಾದ ಈ ಗ್ರಂಥವನ್ನು 1940ರಲ್ಲಿ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿ ಅನುವಾದದೊಡನೆ ಸೋಲಾಪುರದಿಂದ ಬೆಳಕಿಗೆ ತಂದರು. ಮದ್ಯ, ಮಾಂಸ, ಮಧು ಈ ಮೂರನ್ನೂ ಹೊರಗಿಟ್ಟು ಒಂದು ಪೂರ್ಣ ಚಿಕಿತ್ಸಾಪದ್ಧತಿಯನ್ನು ಕಟ್ಟಬಹುದೆಂದು ತೋರಿಸಿದ್ದೇ ಆಚಾರ್ಯರ ಹಿರಿಮೆ. ಗ್ರಂಥದ ಕೊನೆಯ ಹಿತಾಹಿತಾಧ್ಯಾಯದಲ್ಲಿ, ನೃಪತುಂಗವಲ್ಲಭನ ಸಭೆಯಲ್ಲಿ ವಿದ್ವಾಂಸರ ಸಮ್ಮುಖದಲ್ಲಿ ಮಾಂಸಭಕ್ಷಣವು ನಿಷ್ಫಲವೆಂದು ಅವರು ಪ್ರತಿಪಾದಿಸಿದ ವಿಷಯವಿದೆ. ನಮ್ಮ ಉಪನ್ಯಾಸಗಳಲ್ಲಿ ಪದೇಪದೇ ಉದಾಹರಿಸಲ್ಪಡುವ ಭಾಗವೂ ಅದೇ.

ಆದರೆ ಗ್ರಂಥವು ಔಷಧಕ್ಕೆ ಕೇಳುವ ಮುಖ್ಯ ಪ್ರಶ್ನೆ ಒಂದೇ: ಇದು ಎಲ್ಲಿಂದ ಬಂತು? ರೋಗಿಯ ಬಾಯಿಯನ್ನು ಸೇರಿದ ಮೇಲೆ ಆ ವಿಚಾರಣೆ ಮುಗಿಯುತ್ತದೆ. ಬೇರು, ತೊಗಟೆ, ಎಲೆಗಳ ಕಷಾಯದ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಚರಟವನ್ನು ಹಿತ್ತಲಿಗೆ ಚೆಲ್ಲಿದರೆ ಮಣ್ಣು ಮಣ್ಣಿಗೆ ಸೇರುತ್ತಿತ್ತು. ರಸಪ್ರಯೋಗಕ್ಕೂ ಗ್ರಂಥದಲ್ಲಿ ಒಂದು ಅಧಿಕಾರವಿದೆ. ಪಾದರಸವು ಯಾವ ಪ್ರಾಣಿಯ ದೇಹದಿಂದಲೂ ಬಂದದ್ದಲ್ಲವಾದ್ದರಿಂದ ಮೂಲಶುದ್ಧಿಯ ಪರೀಕ್ಷೆಯಲ್ಲಿ ಅದು ಸಲೀಸಾಗಿ ಉತ್ತೀರ್ಣವಾಗುತ್ತದೆ. ಅದೇ ಪಾದರಸ ನೀರಿಗೆ ಸೇರಿದರೆ ಸೂಕ್ಷ್ಮಜೀವಿಗಳಿಂದ ಮಾರ್ಪಟ್ಟು ಮೀನಿನ ದೇಹದಲ್ಲಿ ಸಂಚಯವಾಗಿ, ತಿಂದವರ ನರಮಂಡಲವನ್ನು ಕೆಡಿಸುತ್ತದೆ. ಪಾದರಸದ ಥರ್ಮಾಮೀಟರುಗಳನ್ನು ತಯಾರಿಸುತ್ತಿದ್ದ ಕೊಡೈಕೆನಾಲಿನ ಕಾರ್ಖಾನೆ 2001ರಲ್ಲಿ ಮುಚ್ಚಿದ್ದು, ಪಾದರಸ ಬೆರೆತ ಗಾಜು ಗುಜರಿ ಅಂಗಡಿಯಲ್ಲಿ ಪತ್ತೆಯಾದ ಮೇಲೆ. ಮೂಲವನ್ನು ಮಾತ್ರ ನೋಡುವ ಅಹಿಂಸೆಯ ಕೊರತೆ ಇಲ್ಲಿ ಎದ್ದುಕಾಣುತ್ತದೆ.

ಆಚಾರ್ಯರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಇಂದಿನ ನಾವು ಅವರ ಪ್ರಶ್ನೆಯನ್ನಷ್ಟೇ ಹಿಡಿದು ನಿಂತಿರುವುದು ದೋಷ. ಗುಳಿಗೆಯ ಕವಚದಲ್ಲಿ ಜಿಲೆಟಿನ್ ಇದೆಯೇ ಎಂದು ಔಷಧದ ಅಂಗಡಿಯವನನ್ನು ಪೀಡಿಸುವ ಶ್ರಾವಕರು ನಮ್ಮಲ್ಲಿ ಅನೇಕರು. ಚುಚ್ಚಿದ ಸೂಜಿ ಎಲ್ಲಿಗೆ ಹೋಯಿತೆಂದು ಕೇಳಿದವರನ್ನು ನಾನು ಕಂಡದ್ದು ವಿರಳ.

ಕೆಲವು ವರ್ಷಗಳ ಹಿಂದೆ ರಾಯಬಾಗ ತಾಲೂಕಿನಲ್ಲಿ, ಅಲಖನೂರಿನ ಕಡೆಯ ಒಂದು ಊರಿನಲ್ಲಿ, ಮಹಾವೀರ ಜಯಂತಿಯ ನಿಮಿತ್ತ ನಡೆದ ಉಚಿತ ಆರೋಗ್ಯ ಶಿಬಿರಕ್ಕೆ ಹೋಗಿದ್ದೆ. ರಕ್ತಪರೀಕ್ಷೆ, ಇಂಜೆಕ್ಷನ್, ಸಲಾಯಿನ್ ಎಲ್ಲವೂ ಅಚ್ಚುಕಟ್ಟು. ಸಂಜೆ ಸ್ವಯಂಸೇವಕರು ಸಿರಿಂಜು, ಹತ್ತಿ, ಕೈಗವಸು, ನಳಿಕೆಗಳನ್ನು ಕಬ್ಬಿನ ಹೊಲದ ಬದುವಿಗೆ ಒಯ್ದು ರವದಿಯೊಡನೆ ಬೆಂಕಿ ಹಚ್ಚಿದರು. ನಾನು ಆಕ್ಷೇಪಿಸಿದಾಗ ಒಬ್ಬ ತರುಣ, “ಸುಟ್ಟ ಮ್ಯಾಲ ಏನ್ ಉಳೀತೈತ್ರಿ ಸರ?” ಎಂದ. ಮರುದಿನ ಬೂದಿಯಲ್ಲಿ ಸೂಜಿಗಳು ಕಪ್ಪಾಗಿ ಉಳಿದಿದ್ದವು. ಬರಿಗಾಲಲ್ಲಿ ಕಬ್ಬು ಕಡಿಯಲು ಬರುವವರ ದಾರಿ ಅದೇ.

ಕಣ್ಣಿಗೆ ಕಾಣದೆ ಉಳಿದದ್ದು ಇನ್ನೂ ಹೆಚ್ಚು. ಪಿವಿಸಿಯಂಥ ಕ್ಲೋರಿನ್‌ಯುಕ್ತ ಪ್ಲಾಸ್ಟಿಕ್ಕನ್ನು ಕಡಿಮೆ ಶಾಖದ ಬಯಲು ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಮೇವಿನ ಮೇಲೆ ಕುಳಿತು, ಹಸುವಿನ ಹೊಟ್ಟೆಗೆ ಹೋಗಿ, ಹಾಲಿನ ಕೊಬ್ಬಿನಲ್ಲಿ ಬಂದು ನಿಲ್ಲುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ಬರೆದ ಮಂಗರಾಜನೂ ನಮ್ಮ ಪರಂಪರೆಯವನೇ, ಔಷಧವೇ ವಿಷದ ತವರಾಗುವ ಈ ಬಗೆಯನ್ನು ಅವನು ಯಾವ ವರ್ಗಕ್ಕೆ ಸೇರಿಸುತ್ತಿದ್ದನೋ!

ಕಾನೂನು ಈ ವಿಷಯದಲ್ಲಿ ಸಮಾಜಕ್ಕಿಂತ ಮುಂದಿದೆ. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು ಮೊದಲು 1998ರಲ್ಲಿ ಬಂದವು. 2016ರ ಹೊಸ ನಿಯಮಗಳು ಆಸ್ಪತ್ರೆಗಳೊಡನೆ ಆರೋಗ್ಯ ಶಿಬಿರ, ಲಸಿಕೆ ಶಿಬಿರ, ರಕ್ತದಾನ ಶಿಬಿರಗಳನ್ನೂ, ಶಾಲೆಯ ಪ್ರಥಮ ಚಿಕಿತ್ಸಾ ಕೋಣೆಯನ್ನೂ ಹೆಸರಿಸಿ ಒಳಗೊಂಡಿವೆ. ಹಳದಿ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಬಗೆಯಾಗಿ ಹುಟ್ಟಿದಲ್ಲಿಯೇ ಬೇರ್ಪಡಿಸಬೇಕು; ಸೂಜಿಗೆ ಚುಚ್ಚದಂಥ ಬಿಳಿಯ ಡಬ್ಬಿ ಬೇಕು; ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಂದಮೇಲೆ ‘ನಮ್ಮದು ಧರ್ಮಕಾರ್ಯ, ಆಸ್ಪತ್ರೆಯಲ್ಲ’ ಎಂಬ ಪಂಚಕಮಿಟಿಗಳ ಸಮಾಧಾನ ನಿಲ್ಲುವುದಿಲ್ಲ.

ಧರ್ಮದ ಲೆಕ್ಕದಲ್ಲಿಯೂ ಅದು ನಿಲ್ಲದು. ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯು, ತ್ಯಜಿಸಬೇಕಾದುದನ್ನು ಜೀವರಹಿತ ಸ್ಥಳವನ್ನು ನೋಡಿ ತ್ಯಜಿಸಬೇಕೆನ್ನುತ್ತದೆ. ಇದು ಮುನಿಗಳಿಗೆ ಹೇಳಿದ್ದು, ನಿಜ. ಶ್ರಾವಕರಿಗೆ ಅನರ್ಥದಂಡ ವ್ರತವಿದೆ. ಪ್ರಮಾದಚರ್ಯೆ ಮತ್ತು ಹಿಂಸಾದಾನ ಅದರಲ್ಲಿ ವರ್ಜ್ಯ. ‘ಕಲ್ಯಾಣಕಾರಕ’ವು ಕೇಳದ ಪ್ರಶ್ನೆಯನ್ನು ನಮ್ಮ ಆಚಾರಶಾಸ್ತ್ರ ಕೇಳಿಯೇ ಇದೆ. ವೈದ್ಯಗ್ರಂಥವನ್ನು ಆಚಾರಗ್ರಂಥದಿಂದ ಬೇರ್ಪಡಿಸಿ ಓದಿದ್ದೇ ನಮ್ಮ ಪಂಡಿತವರ್ಗದ ಪ್ರಮಾದವೆಂದು ನನ್ನ ಅಭಿಪ್ರಾಯ.

ಗೋಶಾಲೆಗಳ ಟ್ರಸ್ಟಿಗಳು ಇನ್ನೊಂದು ಸಂಗತಿಯನ್ನು ಅವಶ್ಯ ಗಮನಿಸಬೇಕು. ನೋವಿನಿಂದ ನರಳುವ ಮುದಿ ಹಸುವಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಕೊಡಿಸುವುದು ಕರುಣೆಯ ಕೆಲಸವೆಂದೇ ಎಲ್ಲರೂ ತಿಳಿದಿದ್ದರು. ಮದ್ದಿನ ಅಂಶ ದೇಹದಲ್ಲಿರುವಾಗಲೇ ಸತ್ತ ಹಸುವನ್ನು ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯುತ್ತದೆಂದು 2004ರಲ್ಲಿ ಸಿದ್ಧಪಟ್ಟಿತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಅಳಿದವು. ನಮ್ಮ ರಾಜ್ಯದಲ್ಲಿ ಉಳಿದ ಅಲ್ಪಸಂಖ್ಯೆಯ ಹದ್ದುಗಳಿಗಾಗಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಬೇಕಾಯಿತು. ಪಶುಗಳಿಗೆ ಈ ಔಷಧವನ್ನು 2006ರಲ್ಲಿಯೇ ನಿಷೇಧಿಸಲಾಗಿತ್ತು. ಆದರೂ ಮನುಷ್ಯರ ಹೆಸರಿನಲ್ಲಿ ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಸೀಸೆಯ ಪ್ರಮಾಣವನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ಅದೇ ನಿಷೇಧ ಬಂತು. ಮೆಲಾಕ್ಸಿಕ್ಯಾಮ್ ಎಂಬ ನೋವುನಿವಾರಕ ಹದ್ದುಗಳಿಗೆ ನಿರಪಾಯಕಾರಿ; ಪಶುವೈದ್ಯರನ್ನು ಅದನ್ನೇ ಬರೆಯುವಂತೆ ಕೇಳಲು ಟ್ರಸ್ಟಿಗೆ ಯಾವ ವೆಚ್ಚವೂ ಇಲ್ಲ. ಔಷಧದಾನವೇ ಹಿಂಸಾದಾನವಾದ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿಯದು.

ವೆಚ್ಚದ ಮಾತು ಬಂದದ್ದರಿಂದ ಹೇಳುತ್ತೇನೆ. ಆ ಶಿಬಿರದ ಜಮಾಖರ್ಚಿನ ಪಟ್ಟಿಯನ್ನು ನಾನು ನೋಡಿದ್ದೆ. ಮಂಟಪ, ಶಾಲು, ಹಾರ, ಪ್ರಸಾದ, ಫಲಕ ಎಲ್ಲಕ್ಕೂ ಒಂದೊಂದು ಸಾಲಿತ್ತು, ತ್ಯಾಜ್ಯಕ್ಕೆ ಇರಲಿಲ್ಲ. ಮುಂದಿನ ವರ್ಷ ಅದೇ ತರುಣ, ವೈದ್ಯರನ್ನು ಕಳಿಸುವ ಆಸ್ಪತ್ರೆಯೇ ಬಣ್ಣದ ಚೀಲಗಳನ್ನು ತಂದು ಸಂಜೆ ತನ್ನ ವಾಹನದಲ್ಲಿ ಮರಳಿ ಒಯ್ಯಬೇಕೆಂದು ಕರಾರು ಮಾಡಿಸಿದ. ಹಿರಿಯರೊಬ್ಬರು ಗೊಣಗಿದರು, ಆದರೆ ಸಹಿ ಹಾಕಿದರು.